ಸೀಟಿನ ಕೆಳಗಿನ ತಂತಿ

ಆಯುಧಪೂಜೆಯ ಭಾನುವಾರ, ಸಂಜೆ ನಾಲ್ಕು ಗಂಟೆ ಹದಿನೇಳು ನಿಮಿಷಕ್ಕೆ ಕಾರಿನ ಹಾಡು ನಿಂತಿತು. ನಿಮಿಷ ಇಷ್ಟು ಖಚಿತವಾಗಿ ನೆನಪಿರುವುದಕ್ಕೆ ರಾಹುಕಾಲ ಕಾರಣ. ನಾಲ್ಕೂವರೆಗೆ ರಾಹುಕಾಲ ಶುರು, ಅಷ್ಟರೊಳಗೆ ಕಾರು ನಿಂಬೆಹಣ್ಣಿನ ಮೇಲೆ ಹತ್ತಿ ಒಂದು ಸುತ್ತು ಹೋಗಿ ಬಂದುಬಿಡಬೇಕು ಎಂದು ಅಮ್ಮ ಮಧ್ಯಾಹ್ನದ ಊಟದಿಂದಲೂ ಹೇಳುತ್ತಿದ್ದಳು. ಅಲ್ಲಿದ್ದವರಲ್ಲಿ ವಾಚು ಕಟ್ಟಿಕೊಂಡಿದ್ದವಳು ನಾನೊಬ್ಬಳೇ. ಎಲ್ಲರೂ ನನ್ನನ್ನೇ ಗಂಟೆ ಕೇಳುತ್ತಿದ್ದರು. ನಾಲ್ಕು ಗಂಟೆ ಹದಿನಾಲ್ಕು ನಿಮಿಷಕ್ಕೆ ಕಾರು ಹೊರಟಿತು. ಬೀದಿಯ ತುದಿಗೆ ಹೋಗಿ, ತಿರುಗಿಸಿಕೊಂಡು, ನಮ್ಮ ಮನೆಯ ಕಡೆ ವಾಪಸ್ಸು ಬರುತ್ತಿದ್ದಾಗ ಎರಡು ಮನೆ ಆಚೆಗೆ ಹಾಡು ನಿಂತಿತು, ಕಾರೂ ನಿಂತಿತು.

ಕ್ಯಾಸೆಟ್ಟಿನ ಟೇಪು ಸಿಕ್ಕಿಕೊಂಡಿರಬೇಕು ಅಂದುಕೊಂಡು ನಾನು ನಕ್ಕೆ. ಆಮೇಲೆ ಗಾಜಿನ ಒಳಗೆ ಬಿಳಿ ಹೊಗೆ ಕಂಡಿತು. ಕಾರಿನ ಹಿಂದಿನ ಸೀಟಿನಲ್ಲಿ ಅಮ್ಮ ಕೂತಿದ್ದಳು.

ಆ ನಗುವಿಗೂ ಹೊಗೆಗೂ ನಡುವೆ ಇದ್ದ ಕ್ಷಣದಿಂದ ಹಿಂದಕ್ಕೆ ಹೋಗುವುದು ನನಗೆ ಈಗ ಅಭ್ಯಾಸವಾಗಿದೆ. ಹಿಂದಕ್ಕೆ ಹೋದಷ್ಟೂ ಎಲ್ಲವೂ ಚೆನ್ನಾಗಿದೆ. ಅದಕ್ಕೇ ಹೋಗುತ್ತೇನೋ ಏನೋ.

ಎಂಬತ್ತರ ದಶಕದ ಮೊದಲ ವರ್ಷಗಳು. ಬನಶಂಕರಿ ಎರಡನೇ ಹಂತದಲ್ಲಿ ನಮ್ಮದು ಎರಡು ರೂಮಿನ ಶೀಟಿನ ಮನೆ. ಅಪ್ಪ ತೀರಿಕೊಂಡಿದ್ದರು. ಅಮ್ಮ, ಅಣ್ಣ, ನಾನು, ಮೂರೇ ಜನ. ಮನೆಯ ಪಕ್ಕದಲ್ಲಿ ಅಣ್ಣನ ಶೆಡ್ಡು. ಅವನು ಪಿಯುಸಿ ಅರ್ಧಕ್ಕೆ ಬಿಟ್ಟು ರೇಡಿಯೋ ರಿಪೇರಿ ಕಲಿತವನು. ಆಮೇಲೆ ಕಾರುಗಳಿಗೆ ಟೇಪ್‌ರೆಕಾರ್ಡರ್ ಕೂರಿಸಿ ಸ್ಪೀಕರ್ ಹಾಕುವ ಕೆಲಸಕ್ಕೆ ಇಳಿದ. ನಾನು ಜಯನಗರದಲ್ಲಿ ಕಾಲೇಜಿಗೆ ಹೋಗಿ ಭೌತಶಾಸ್ತ್ರದಲ್ಲಿ ಬಿಎಸ್ಸಿ ಮುಗಿಸಿ, ಕೆಲಸಕ್ಕೆ ಅರ್ಜಿ ಹಾಕುತ್ತಾ ಮನೆಯಲ್ಲಿದ್ದೆ. ಅಂದರೆ ಇಡೀ ದಿನ ಆ ಶೆಡ್ಡಿನಲ್ಲಿ ಒಂದು ಮರದ ಪೆಟ್ಟಿಗೆಯ ಮೇಲೆ ಕೂತಿರುತ್ತಿದ್ದೆ. ಸಾಲ್ಡರಿಂಗ್ ಐರನ್ನಿನ ರಾಳದ ವಾಸನೆ, ಮೂಲೆಯಲ್ಲಿ ಸಣ್ಣಗೆ ಹಾಡುವ ರೇಡಿಯೋ, ಅಮ್ಮ ತಂದಿಡುವ ಕಾಫಿ. ಅಣ್ಣನಿಗೆ ಮಾತು ಕಡಿಮೆ. ಕಿವಿಯ ಹಿಂದೆ ಸ್ಕ್ರೂಡ್ರೈವರ್ ಸಿಕ್ಕಿಸಿಕೊಂಡು, ಅದನ್ನೇ ಹುಡುಕುತ್ತಾ ನನ್ನನ್ನು ಬೈಯುತ್ತಿದ್ದ.

ಆ ಕಾರು ನಮ್ಮದೇ ಬೀದಿಯ ಒಬ್ಬ ಕಂಟ್ರಾಕ್ಟರರದ್ದು. ಎರಡೇ ಬಾಗಿಲಿನ ಹಳೆಯ ಗಾಡಿ. ಬಾನೆಟ್ಟು ಮುಂದಕ್ಕೆ ಬಾಗಿ ತೆರೆದುಕೊಳ್ಳುತ್ತಿತ್ತು. ಹಿಂದೆ ಕೂರಬೇಕಾದರೆ ಮುಂದಿನ ಸೀಟನ್ನು ಮಡಚಿ ನುಸುಳಬೇಕು. ಅವರ ಭಾವಮೈದ ದುಬೈಯಿಂದ ನಾಲ್ಕು ದೊಡ್ಡ ಊಫರ್‌ಗಳನ್ನೂ ಒಂದು ಆಂಪ್ಲಿಫೈಯರನ್ನೂ ತಂದುಕೊಟ್ಟಿದ್ದ. ಈಗಿನವರು ಸಬ್‌ವೂಫರ್ ಎನ್ನುತ್ತಾರಲ್ಲ, ಅದೇ. ನಮ್ಮ ಕಡೆ ಅಂಥದ್ದನ್ನು ಯಾರೂ ನೋಡಿರಲಿಲ್ಲ. ನಾಲ್ಕನ್ನೂ ಡಿಕ್ಕಿಯಲ್ಲಿ ಕೂರಿಸಿ ಒಂದೇ ಆಂಪ್ಲಿಗೆ ಜೋಡಿಸಬೇಕು, ಆಯುಧಪೂಜೆಯ ದಿನ ಬೀದಿಗೆಲ್ಲ ಕೇಳಬೇಕು, ಅದು ಅವರ ಆಸೆ.

ಆಂಪ್ಲಿಯ ಜೊತೆ ಬಂದ ಚೀಟಿಯನ್ನು ಓದಿದವಳು ನಾನು. ಜೋಡಿಸಿದ ಸ್ಪೀಕರುಗಳ ತಡೆ ನಾಲ್ಕು ಓಮ್‌ಗಿಂತ ಕಡಿಮೆಯಾದರೆ ಅದು ಕಾದು ಸುಟ್ಟುಹೋಗುತ್ತದೆ ಎಂದು ಬರೆದಿತ್ತು. ಒಂದೊಂದು ಊಫರೂ ನಾಲ್ಕು ಓಮ್. ನಾಲ್ಕನ್ನೂ ಅಕ್ಕಪಕ್ಕ ಜೋಡಿಸಿದರೆ ಒಂದೇ ಓಮ್ ಆಗಿಬಿಡುತ್ತದೆ. ನಾನು ಹಳೆಯ ರೆಕಾರ್ಡ್ ಪುಸ್ತಕದ ಖಾಲಿ ಹಾಳೆಯಲ್ಲಿ ಚಿತ್ರ ಬರೆದೆ: ಎರಡೆರಡನ್ನು ಒಂದರ ಹಿಂದೆ ಒಂದು ಪೋಣಿಸಿದರೆ ಎಂಟೆಂಟು, ಆ ಎರಡು ಜೋಡಿಗಳನ್ನು ಅಕ್ಕಪಕ್ಕ ಹಾಕಿದರೆ ಮತ್ತೆ ನಾಲ್ಕು. ಅಣ್ಣ ಚಿತ್ರವನ್ನು ನೋಡಿ, ತಾನು ಆಗಲೇ ಕಟ್ಟಿಟ್ಟಿದ್ದ ತಂತಿಯನ್ನು ತೋರಿಸಿದ. ಅದೂ ಹಾಗೇ ಇತ್ತು.

"ಇಷ್ಟಕ್ಕೆ ನಿಮ್ ಕಾಲೇಜಲ್ಲಿ ಮೂರು ವರ್ಷ ಹಿಡೀತಾ?" ಅಂದ.

ಆದರೆ ಚಿತ್ರವಿದ್ದ ಹಾಳೆಯನ್ನು ಹರಿದುಕೊಂಡು ಗೋಡೆಗೆ ಅಂಟಿಸಿದ.

ನನಗೆ ತೀರಾ ಬೇಕೆನಿಸುವುದು ಅದರ ಮರುದಿನ. ಊಫರುಗಳಲ್ಲಿ ಒಂದರ ತಂತಿ ಅದಲುಬದಲಾದರೂ ಸಾಕು, ಒಂದು ಮುಂದಕ್ಕೆ ತಳ್ಳುವಾಗ ಇನ್ನೊಂದು ಹಿಂದಕ್ಕೆ ಎಳೆದು, ಎರಡರ ಸದ್ದೂ ಒಂದನ್ನೊಂದು ತಿಂದುಹಾಕುತ್ತವೆ. ಯಾವುದು ಪ್ಲಸ್ಸು ಎಂದು ಮೇಲೆ ಗುರುತಿದ್ದರೂ ಅಣ್ಣ ಅದನ್ನು ನಂಬುತ್ತಿರಲಿಲ್ಲ. ನಾನು ಟಾರ್ಚಿನ ಸೆಲ್ಲನ್ನು ಹಿಡಿದು ಅದರ ಎರಡು ತಂತಿಗಳನ್ನು ಊಫರಿಗೆ ಮುಟ್ಟಿಸಬೇಕು. ಅವನು ಕಣ್ಣು ಮುಚ್ಚಿಕೊಂಡು ಬಲ ಅಂಗೈಯನ್ನು ಆ ಕಪ್ಪು ಕಾಗದದ ಬಟ್ಟಲಿನ ಮೇಲೆ ಇಡುತ್ತಿದ್ದ. ಇಟ್ಟೂ ಇಡದ ಹಾಗೆ, ಮಗುವಿಗೆ ಜ್ವರ ಇದೆಯೇ ಎಂದು ನೋಡುವ ಹಾಗೆ. ಬಟ್ಟಲು ಒಂದು ಕೂದಲೆಳೆಯಷ್ಟು ಅಲುಗುತ್ತಿತ್ತು. "ಆಚೆ," ಅನ್ನುತ್ತಿದ್ದ. ಇಲ್ಲವೇ, "ಈಚೆ." ನನ್ನ ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ. ನಾಲ್ಕರಲ್ಲಿ ಒಂದಕ್ಕೆ ಗುರುತು ತಪ್ಪಾಗಿ ಹಾಕಿದ್ದರು. ಅವನ ಅಂಗೈ ಅದನ್ನು ಹಿಡಿಯಿತು.

ಅವತ್ತು ಮಧ್ಯಾಹ್ನ ಡಿಕ್ಕಿಯೊಳಗೇ ಒಂದು ಹಳೆಯ ಬ್ಯಾಟರಿ ಇಟ್ಟು, ಆಂಪ್ಲಿಯನ್ನು ಅದಕ್ಕೆ ಕೊಟ್ಟು, ಪರೀಕ್ಷೆಗೆಂದು ಕನಕಪುರ ರಸ್ತೆಗೆ ಹೊರಟೆವು. ಕಾರಿನ ಯಜಮಾನರು ಓಡಿಸುತ್ತಿದ್ದರು. ತಲಘಟ್ಟಪುರ ದಾಟಿ ರಾಗಿ ಹೊಲಗಳ ಪಕ್ಕ ನಿಲ್ಲಿಸಿ ಹಾಡು ಹಾಕಿದಾಗ ನನಗೆ ಮೊದಲು ಕೇಳಿಸಿದ್ದು ಕಿವಿಗಲ್ಲ. ಸೀಟಿನ ಮೂಲಕ ಬೆನ್ನಿಗೆ, ಬೆನ್ನಿನಿಂದ ಎದೆಗೆ ಬಂತು. ಮದ್ದಳೆಯ ಪೆಟ್ಟು ಬಿದ್ದಾಗ ಗಾಜಿನ ಮೇಲಿದ್ದ ಧೂಳು ಜಿಗಿಯಿತು. ಅಣ್ಣ ಕಾರಿನಿಂದ ಇಳಿದು ಹೊಲದೊಳಗೆ ಹೋಗಿ, ಎಷ್ಟು ದೂರದವರೆಗೆ ಕೇಳುತ್ತದೆ ಎಂದು ನೋಡಲು ನಡೆಯುತ್ತಲೇ ಹೋದ. ಸಣ್ಣವನಾಗಿ ಕಾಣುವಷ್ಟು ದೂರ ಹೋಗಿ, ಅಲ್ಲಿಂದ ಕೈ ಎತ್ತಿದ. ಬಿಸಿಲಿನಲ್ಲಿ, ಬಲಗೈ. ಆ ಚಿತ್ರ ನನ್ನ ಹತ್ತಿರ ಇದೆ. ಅದನ್ನು ಯಾರಿಗೂ ತೋರಿಸಲಾಗುವುದಿಲ್ಲ.

ಹಬ್ಬದ ಹಿಂದಿನ ದಿನ ಎರಡು ಕೆಲಸ ಬಾಕಿ ಇದ್ದವು. ಮುಂದಿನ ಬ್ಯಾಟರಿಯಿಂದ ಹಿಂದಿನ ಡಿಕ್ಕಿಯವರೆಗೆ ಹೋಗುವ ದಪ್ಪ ಕೆಂಪು ತಂತಿಯನ್ನು ಬಾಗಿಲಿನ ಅಂಚಿಗೆ ಕ್ಲಿಪ್ ಹಾಕಿ ಬಿಗಿಯಬೇಕಿತ್ತು. ಆ ತಂತಿಗೆ, ಬ್ಯಾಟರಿಯ ಪಕ್ಕದಲ್ಲೇ, ಫ್ಯೂಸ್ ಕೂರಿಸಿ ಸಾಲ್ಡರ್ ಮಾಡಬೇಕಿತ್ತು. ಸಂಜೆ ಕರೆಂಟು ಹೋಯಿತು, ಐರನ್ ಕಾಯಲಿಲ್ಲ. ಬೆಳಗ್ಗೆ ಎದ್ದು ಮಾಡೋಣ ಎಂದು ಅಣ್ಣ ಮಲಗಿದ.

ಬೆಳಗ್ಗೆ ಅವನು ಏಳುವಷ್ಟರಲ್ಲಿ ಅಮ್ಮ ಶೆಡ್ಡಿನ ಸಾಮಾನೆಲ್ಲ ತಂದು, ಒರೆಸಿ, ನಡುಮನೆಯಲ್ಲಿ ಮಣೆಯ ಮೇಲೆ ಜೋಡಿಸಿಬಿಟ್ಟಿದ್ದಳು. ಸಾಲ್ಡರಿಂಗ್ ಐರನ್, ಮೀಟರು, ಸ್ಪ್ಯಾನರುಗಳು, ಸ್ಕ್ರೂಡ್ರೈವರ್, ಕಟಿಂಗ್ ಪ್ಲೈಯರ್. ಒಂದೊಂದಕ್ಕೂ ವಿಭೂತಿ, ಕುಂಕುಮ, ಸೇವಂತಿಗೆ. ಪೂಜೆಗೆ ಇಟ್ಟ ಆಯುಧವನ್ನು ವಿಜಯದಶಮಿಯ ಬೆಳಗ್ಗೆಯವರೆಗೆ ಮುಟ್ಟುವ ಹಾಗಿಲ್ಲ. ಅದು ನಮ್ಮ ಮನೆಯ ನಿಯಮ ಮಾತ್ರವಲ್ಲ, ಇಡೀ ಬೀದಿಯದ್ದು. ಅವತ್ತು ನಮ್ಮ ಬೀದಿಯಲ್ಲಿ ಒಂದು ಸ್ಪ್ಯಾನರ್ ಕೂಡ ಮನುಷ್ಯರ ಕೈಯಲ್ಲಿರಲಿಲ್ಲ. ಕಾರಿನ ಯಜಮಾನರೂ ತಮ್ಮ ಜ್ಯಾಕು, ಪಾನಾಗಳನ್ನು ಅವರ ಮನೆಯ ದೇವರ ಮುಂದೆ ಇಟ್ಟಿದ್ದರು.

ಅಣ್ಣ ಹತ್ತು ನಿಮಿಷ ಕೊಡು ಎಂದು ಅಮ್ಮನನ್ನು ಕೇಳಿದ. ಅಮ್ಮ ಗದರಲಿಲ್ಲ. "ವರ್ಷಪೂರ್ತಿ ದುಡೀತಾವೆ. ಒಂದು ದಿನ ಅವೂ ಮಲಗ್ಲಿ ಬಿಡೋ. ನಾಳೆ ಮಾಡ್ಕೋ," ಅಂದಳು.

ಅಣ್ಣ ಬರಿಗೈಯಲ್ಲಿ ಕೆಂಪು ತಂತಿಯನ್ನು ಹಿಂದಿನ ಸೀಟಿನ ಕೆಳಗೆ ಹಾಯಿಸಿದ. ಅದರ ತುದಿಯನ್ನು ಹಲ್ಲಿನಿಂದ ಸುಲಿದು, ಬ್ಯಾಟರಿಯ ಬೋಲ್ಟಿಗೆ ನಾಲ್ಕೈದು ಸುತ್ತು ಬಿಗಿಯಾಗಿ ಸುತ್ತಿ, ಮೇಲೆ ಟೇಪು ಹಾಕಿದ. ನಾನು ಪಕ್ಕದಲ್ಲೇ ನಿಂತಿದ್ದೆ. ಫ್ಯೂಸ್ ಇಲ್ಲದೆ ಹೇಗೆ ಅಂತ ಕೇಳಿದೆ. ಒಂದು ರೌಂಡ್ ತಾನೇ, ನಾಳೆ ಬೆಳಗ್ಗೆ ಹಾಕಿಬಿಡುತ್ತೇನೆ ಅಂದ. ತಂತಿ ಎಲ್ಲಾದರೂ ಕಬ್ಬಿಣಕ್ಕೆ ತಾಗಿದರೆ ಬ್ಯಾಟರಿಯ ಶಕ್ತಿಯೆಲ್ಲ ಅದರಲ್ಲಿ ನುಗ್ಗುತ್ತದೆ, ತಡೆಯಲು ಏನೂ ಇರುವುದಿಲ್ಲ. ಅದು ನನಗೆ ಪರೀಕ್ಷೆಯಲ್ಲಿ ಬಂದಿದ್ದ ಪ್ರಶ್ನೆ. ನಾನು ಇನ್ನೊಂದು ಸಲ ಹೇಳಲಿಲ್ಲ.

ಸಂಜೆ ಕಾರಿಗೆ ಬಾಳೆಕಂದು ಕಟ್ಟಿ, ಬೂದುಗುಂಬಳ ಒಡೆದು, ನಿಂಬೆಹಣ್ಣು ಇಟ್ಟ ಮೇಲೆ ಯಜಮಾನರು ಅಮ್ಮನನ್ನು ಕರೆದರು.

"ಬನ್ನಿ ಅಕ್ಕ, ಮೊದಲ್ನೇ ರೌಂಡು ನಿಮ್ದೇ. ನಿಮ್ ಮಗನ ಕೈ ಕೆಲಸ, ನೀವು ಕೂತ್ಕೊಳ್ದೆ ಇನ್ಯಾರು ಕೂತ್ಕೋತಾರೆ?"

ಅಮ್ಮ ನಾಚಿಕೊಂಡು, ರೇಷ್ಮೆ ಸೀರೆಯ ನೆರಿಗೆ ಎತ್ತಿ ಹಿಡಿದು, ಯಜಮಾನರು ತಮ್ಮ ಸೀಟನ್ನು ಮಡಚಿಕೊಟ್ಟ ಮೇಲೆ ನುಸುಳಿ ಹಿಂದೆ ಕೂತಳು. ಮುಂದಿನ ಇನ್ನೊಂದು ಸೀಟಿನಲ್ಲಿ ಪುರಿ, ಕಡಲೆ, ಹಣ್ಣಿನ ಬುಟ್ಟಿಗಳಿದ್ದವು. ಅಮ್ಮ ಕೂತ ಭಾರಕ್ಕೆ ಸೀಟಿನ ಸ್ಪ್ರಿಂಗು ಕೆಳಗಿನ ತಂತಿಯ ಮೇಲೆ ಒತ್ತಿತು. ಕಾರು ಗುಂಡಿಗಳಲ್ಲಿ ಕುಲುಕಿದಂತೆಲ್ಲ ಆ ಸ್ಪ್ರಿಂಗಿನ ತುದಿ ರಬ್ಬರನ್ನು ಕೊರೆಯಿತು. ಸೀಟು ಖಾಲಿ ಇದ್ದಿದ್ದರೆ ಏನೂ ಆಗುತ್ತಿರಲಿಲ್ಲ.

ಹೊಗೆ ಕಂಡ ತಕ್ಷಣ ಯಜಮಾನರು ಬಾಗಿಲು ತೆಗೆದು ಹಾರಿ ಇಳಿದರು. ಅವರ ಸೀಟು ತನ್ನ ಜಾಗಕ್ಕೆ ಸರಿಯಾಗಿ ನಿಂತುಬಿಟ್ಟಿತು. ಅದನ್ನು ಮಡಚುವ ಹಿಡಿ ಕೆಳಗೆ, ಬದಿಯಲ್ಲಿತ್ತು. ಅಮ್ಮನಿಗೆ ಅದು ಗೊತ್ತಿಲ್ಲ. ಸೀಟಿನ ಬೆನ್ನನ್ನು ಎರಡೂ ಕೈಯಿಂದ ತಳ್ಳುತ್ತಿದ್ದಳು. ಅವಳ ಬೆನ್ನ ಹಿಂದೆ ಡಿಕ್ಕಿ, ಡಿಕ್ಕಿಯ ಪಕ್ಕದಲ್ಲಿ ಪೆಟ್ರೋಲ್ ಟ್ಯಾಂಕು. ಅಣ್ಣ ಓಡಿಹೋಗಿ ಬಾನೆಟ್ಟು ಎತ್ತಿದ. ಬ್ಯಾಟರಿಯಿಂದ ಹೊರಟ ತಂತಿಯ ರಬ್ಬರು ಕರಗಿ ಗುಳ್ಳೆ ಏಳುತ್ತಿತ್ತು. ಅವನು ನನ್ನ ಕಡೆ ತಿರುಗಿ ಹೇಳಿದ್ದು ಎರಡೇ ಮಾತು: "ಪ್ಲೈಯರ್ ತಾ."

ನಾನು ಓಡಿದೆ. ಗೇಟು, ಅಂಗಳ, ಹೊಸಿಲು, ನಡುಮನೆ. ಮಣೆಯ ಮುಂದೆ ದೀಪ ಉರಿಯುತ್ತಿತ್ತು. ಪ್ಲೈಯರ್ ಎಡಗಡೆಯಿಂದ ಮೂರನೆಯದು, ಅದರ ಬಾಯಿಯ ಮೇಲೆ ಹಳದಿ ಸೇವಂತಿಗೆ. ನಾನು ಕೈ ಚಾಚಿದೆ, ಕೈ ನಿಂತಿತು.

ಇದನ್ನು ನಾನು ಬರೆಯಲೇಬೇಕು. ಇಡೀ ಬೆಳಗ್ಗೆ ಈ ನಿಯಮವನ್ನು ಗೇಲಿ ಮಾಡಿದ್ದವಳು ನಾನು. ಸ್ಕ್ರೂಡ್ರೈವರಿಗೂ ರಜೆಯಾ ಅಂತ ಅಮ್ಮನನ್ನು ಕಾಡಿಸಿದ್ದೆ. ನನಗೆ ದೇವರ ಭಯ ಇತ್ತೆಂದು ನನಗೇ ಗೊತ್ತಿರಲಿಲ್ಲ. ಹೊರಗೆ ಅಮ್ಮ ಹೊಗೆಯಲ್ಲಿದ್ದಾಳೆ, ಮುಂದೆ ಅಮ್ಮನೇ ಇಟ್ಟ ಹೂವು, ಅದನ್ನು ತೆಗೆಯಲು ನನ್ನ ಕೈ ಬರಲಿಲ್ಲ. ತೆಗೆದರೆ ಅಮ್ಮನಿಗೇ ಏನಾದರೂ ಆಗಿಬಿಟ್ಟರೆ ಎಂಬ ಯೋಚನೆ ಎಲ್ಲಿಂದಲೋ ಬಂತು. ಎಷ್ಟು ಹೊತ್ತು ನಿಂತೆನೋ ತಿಳಿಯದು. ಕಟ್ಟಿದ್ದ ವಾಚನ್ನು ನಾನು ನೋಡಲಿಲ್ಲ. ಆಮೇಲೆ ಹೂವು ನೆಲಕ್ಕೆ ಬೀಳುವ ಹಾಗೆ ಪ್ಲೈಯರ್ ಕಿತ್ತುಕೊಂಡು ಓಡಿದೆ.

ನಾನು ಬರುವಷ್ಟರಲ್ಲಿ ಮುಗಿದಿತ್ತು. ಅಣ್ಣ ಕಾಯದೆ ಆ ತಂತಿಯನ್ನು ಬಲಗೈಯಲ್ಲಿ ಹಿಡಿದು ಸುತ್ತು ಬಿಚ್ಚುವವರೆಗೆ ಎಳೆದಿದ್ದ. ಯಜಮಾನರು ಹೊಗೆಯಲ್ಲಿ ತಡಕಿ ಕೊನೆಗೆ ಹಿಡಿ ಹುಡುಕಿ, ಸೀಟು ಮಡಚಿ ಅಮ್ಮನನ್ನು ಹೊರಗೆ ಎಳೆದುಕೊಂಡಿದ್ದರು. ಎದುರಿಗೆ ಮನೆ ಕಟ್ಟಲು ಸುರಿದಿದ್ದ ಮರಳನ್ನು ಜನ ಬಾಣಲಿಯಲ್ಲಿ ತಂದು ಸೀಟಿನ ಮೇಲೆ ಎರಚುತ್ತಿದ್ದರು. ಟ್ಯಾಂಕಿಗೆ ಬೆಂಕಿ ಮುಟ್ಟಲಿಲ್ಲ. ಅಮ್ಮ ಬರಿಗಾಲಲ್ಲಿ ರಸ್ತೆಯಲ್ಲಿ ನಿಂತಿದ್ದಳು; ಸೀರೆಯ ಅಂಚು ಸುಟ್ಟು, ಒಂದು ಕಾಲಿನ ಹಿಮ್ಮಡಿಯ ಮೇಲೆ ಗುಳ್ಳೆ ಎದ್ದಿತ್ತು. ಅಣ್ಣ ತನ್ನ ಅಂಗೈಯನ್ನು ನೋಡುತ್ತಿದ್ದ. ಕೆಂಪು ರಬ್ಬರು ಅದರಲ್ಲಿ ಕೂತುಬಿಟ್ಟಿತ್ತು. ನಾನು ಪ್ಲೈಯರ್ ಹಿಡಿದುಕೊಂಡು ಅವನ ಮುಂದೆ ನಿಂತೆ. "ಇನ್ನು ಬೇಡ," ಅಂದ.

ಜಯನಗರದ ಆಸ್ಪತ್ರೆಯಲ್ಲಿ ಅವನ ಕೈಗೆ ಬ್ಯಾಂಡೇಜು ಹಾಕಿದರು. ಚರ್ಮ ವಾಸಿಯಾದರೂ ಮೂರು ಬೆರಳು ಪೂರ್ತಿ ಮಡಚುವುದು ಕಷ್ಟ, ಅಂಗೈಗೆ ಸ್ಪರ್ಶ ಬರುವುದು ಸಂದೇಹ ಎಂದು ವೈದ್ಯರು ಮೊದಲ ವಾರದಲ್ಲೇ ಹೇಳಿದರು. ಅಣ್ಣ ಬೇರೆ ಏನನ್ನೂ ಕೇಳಲಿಲ್ಲ. ಸ್ಪೀಕರ್ ಮೇಲೆ ಕೈ ಇಟ್ಟರೆ ಗೊತ್ತಾಗುತ್ತಾ ಸಾರ್ ಅಂತ ಮಾತ್ರ ಕೇಳಿದ. ಅವರಿಗೆ ಆ ಪ್ರಶ್ನೆ ಅರ್ಥವಾಗಲಿಲ್ಲ.

ಯಜಮಾನರು ಒಳ್ಳೆಯವರು. ಅಣ್ಣನನ್ನು ಒಂದು ಮಾತೂ ಅನ್ನಲಿಲ್ಲ. ಊಫರುಗಳನ್ನು ಬಿಚ್ಚಿಸಿ ಯಾರಿಗೋ ಕೊಟ್ಟುಬಿಟ್ಟರು. ಮನೆಯ ಮುಂದೆ ಸಿಕ್ಕಾಗ ಅಮ್ಮನ ಕಾಲನ್ನು ವಿಚಾರಿಸಿ, ತಲೆ ತಗ್ಗಿಸಿ ಹೋಗುತ್ತಿದ್ದರು. ವಿಜಯದಶಮಿಯ ಬೆಳಗ್ಗೆ ಅಮ್ಮ ಮಣೆಯ ಮೇಲಿನ ಸಾಮಾನೆಲ್ಲ ತೆಗೆದು, ಕುಂಕುಮ ಒರೆಸಿ, ಹಳೆಯ ದುಪ್ಪಟಿಯಲ್ಲಿ ಕಟ್ಟಿ ಅಟ್ಟದ ಮೇಲೆ ಇಟ್ಟಳು. ನೆಲದ ಮೇಲೆ ಬಿದ್ದಿದ್ದ ಸೇವಂತಿಗೆಯನ್ನು ಎತ್ತಿಕೊಂಡು ಸ್ವಲ್ಪ ಹೊತ್ತು ಹಿಡಿದಿದ್ದಳು. ಯಾರು ತೆಗೆದದ್ದು ಅಂತ ಕೇಳಲಿಲ್ಲ.

ನಿದ್ರೆ ಹೋಯಿತು. ಮೂರು ಜನಕ್ಕೂ ಹೋಯಿತು, ಬೇರೆ ಬೇರೆಯಾಗಿ. ಅಮ್ಮನಿಗೆ ರಬ್ಬರು ಸುಟ್ಟ ವಾಸನೆ ಬರುತ್ತಿತ್ತು. ಎದ್ದು ಮೇನ್ ಸ್ವಿಚ್ಚನ್ನು ಮೂಸಿ ನೋಡಿ ಬರುತ್ತಿದ್ದಳು. ಅಣ್ಣ ಗೋಡೆಗೆ ಒರಗಿ ಕೂತಿರುತ್ತಿದ್ದ. ನಾನು ಕಣ್ಣು ಮುಚ್ಚಿಕೊಂಡು ಗೇಟಿನಿಂದ ಮಣೆಯವರೆಗೆ ಓಡುತ್ತಿದ್ದೆ. ಹಗಲು ಯಾರೂ ಇಲ್ಲದಾಗ ನಿಜವಾಗಿಯೂ ಓಡಿ ನೋಡಿದೆ, ವಾಚು ಹಿಡಿದು. ನಿಲ್ಲದೆ ಹೋಗಿ ಬಂದರೆ ಇಪ್ಪತ್ತೆರಡು ಸೆಕೆಂಡು. ಐದಾರು ಸಲ ಅಳೆದೆ, ಪ್ರಯೋಗಶಾಲೆಯಲ್ಲಿ ಮಾಡುವ ಹಾಗೆ ಸರಾಸರಿ ತೆಗೆದೆ. ಅವತ್ತಿನ ಅಳತೆ ಇಲ್ಲದ ಮೇಲೆ ಇದನ್ನು ಯಾತರಲ್ಲಿ ಕಳೆಯುವುದು?

ಅಣ್ಣ ಶೆಡ್ಡಿಗೆ ಹೋಗುವುದನ್ನು ಬಿಟ್ಟ. ನಾನೇ ಹೋಗಿ ಪೆಟ್ಟಿಗೆಯ ಮೇಲೆ ಕೂರುತ್ತಿದ್ದೆ. ರಾಳದ ವಾಸನೆ ದಿನದಿಂದ ದಿನಕ್ಕೆ ಕಡಿಮೆಯಾಯಿತು.

ಕೊನೆಯ ಬ್ಯಾಂಡೇಜು ಬಿಚ್ಚಿಸುವ ದಿನ ಮೂವರೂ ಆಸ್ಪತ್ರೆಗೆ ಹೋಗಿದ್ದೆವು. ಅಷ್ಟರಲ್ಲಿ ಸಂಕ್ರಾಂತಿ ಕಳೆದಿತ್ತು. ಅಮ್ಮ ಆ ದಿನದಿಂದ ಯಾವ ಗಾಡಿಯನ್ನೂ ಹತ್ತಿರಲಿಲ್ಲ, ಬಸ್ಸನ್ನೂ. ಹೋಗುವಾಗ ನಡೆದೇ ಹೋದೆವು, ಬರುವಾಗಲೂ ನಡೆದೇ. ದಾರಿಯಲ್ಲಿ ಒಂದು ಪಾರ್ಕಿನ ಕಲ್ಲುಬೆಂಚಿನ ಮೇಲೆ ಅಮ್ಮ ಕಾಲು ನೀವಿಕೊಳ್ಳುತ್ತಾ ಕೂತಳು. ಅಣ್ಣ ಗುಲಾಬಿ ಬಣ್ಣದ ಹೊಸ ಅಂಗೈಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದ. ಅದು ಅವನದ್ದಲ್ಲದ ಹಾಗೆ, ಯಾರೋ ನೋಡಿಕೊಂಡಿರು ಎಂದು ಕೊಟ್ಟುಹೋದ ಹಾಗೆ. ಅಮ್ಮನ ಕಡೆ ನೋಡದೆ ಮಾತಾಡಿದ.

"ಅವತ್ತು ನಾನು ತಕ್ಷಣ ಹಿಡೀಲಿಲ್ಲಮ್ಮ. ತಂತಿ ನೋಡ್ಕೊಂಡು ನಿಂತಿದ್ದೆ. ಹೆದರಿಕೆ ಆಗಿತ್ತು. ನೀನು ಗಾಜಿನಿಂದ ನನ್ನೇ ನೋಡ್ತಿದ್ದೆ."

"ನೋಡ್ತಿದ್ದೆ," ಅಂದಳು ಅಮ್ಮ. "ಹಿಡೀಬೇಡ ಹಿಡೀಬೇಡ ಅಂತ ತಲೆ ಆಡಿಸ್ತಿದ್ದೆ. ನಿಂಗೆ ಕಾಣ್ಲಿಲ್ವೇನೋ?"

"ಹೊಗೇಲಿ ಏನ್ ಕಾಣುತ್ತೆ."

"ಕಂಡಿದ್ರೆ ಬಿಡ್ತಿದ್ಯಾ?"

ಅಣ್ಣ ತೊಡೆಯ ಮೇಲಿನ ಅಂಗೈಯನ್ನು ಮಗುಚಿದ. "ನಿನ್ ಮಾತು ಯಾವಾಗ ಕೇಳಿದೀನಿ?"

"ಅವತ್ತು ಬೆಳಗ್ಗೆ ಕೇಳ್ದಲ್ಲ," ಅಂದಳು ಅಮ್ಮ. "ಹತ್ತು ನಿಮಿಷ ಕೊಡು ಅಂತ ನೀನು ಕೇಳಿದ್ದೆ. ನಾನು ಕೊಡ್ಲಿಲ್ಲ."

ಅವಳು ಅಳಲಿಲ್ಲ. ಅವನ ಆ ಅಂಗೈಯನ್ನು ಎತ್ತಿಕೊಂಡು ತನ್ನ ಎರಡೂ ಕೈಗಳ ನಡುವೆ ಇಟ್ಟುಕೊಂಡಳು. ಏನಾದರೂ ಗೊತ್ತಾಗುತ್ತಾ ಅಂತ ಕೇಳಿದಳು. ಬಿಸಿ ಗೊತ್ತಾಗುತ್ತೆ, ಒರಟು ಗೊತ್ತಾಗಲ್ಲ ಅಂದ. ಆಮೇಲೆ ಅಮ್ಮ ನನ್ನ ಕಡೆ ತಿರುಗಿದಳು. ನನ್ನ ಮಾತಿಗೂ ಕಾಯುತ್ತಿದ್ದಳು ಅನ್ನಿಸುತ್ತದೆ. ಆ ಬೆಂಚಿನ ಮೇಲೆ ನನಗೂ ಜಾಗ ಮಾಡಿಕೊಟ್ಟಿದ್ದಳು. ನಾನು ಕತ್ತಲಾಗುವಷ್ಟರಲ್ಲಿ ಮನೆ ಸೇರೋಣ ಅಂದೆ.

ಈಗ ಅಮ್ಮ ಇಲ್ಲ. ಅಣ್ಣ ವಸಂತಪುರದಲ್ಲಿದ್ದಾನೆ, ಹಾರ್ಡ್‌ವೇರ್ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತಿದ್ದ, ಈಗ ಬಿಟ್ಟಿದ್ದಾನೆ. ಅವನ ಕಾರಿನಲ್ಲಿ ಹಾಡು ಹಾಕುವುದಿಲ್ಲ. ಮಣೆಯ ಮುಂದೆ ನಾನು ನಿಂತುಹೋದ ಸಂಗತಿಯನ್ನು ಇಲ್ಲಿ ಬರೆಯುವವರೆಗೆ ಯಾರಿಗೂ ಹೇಳಿರಲಿಲ್ಲ. ರಸ್ತೆಯಲ್ಲಿ ಎಲ್ಲಾದರೂ ಯಾವುದೋ ಹುಡುಗರ ಕಾರಿನಿಂದ ಆ ತಗ್ಗಿನ ಸದ್ದು ಎದೆಗೆ ಬಂದು ಬಡಿದರೆ ನಿಂತು ಕೇಳುತ್ತೇನೆ. ಒಂದರ ತಂತಿ ಅದಲುಬದಲಾಗಿದೆಯೋ ಏನೋ, ಸದ್ದು ತುಂಬಿಕೊಂಡಿಲ್ಲ ಅನ್ನಿಸುತ್ತದೆ. ಅಣ್ಣನಾಗಿದ್ದರೆ ಹಿಡಿಯುತ್ತಿದ್ದ.

ಆ ಪಾರ್ಕಿನಿಂದ ಬಂದ ದಿನ ಅನ್ನ, ಸಾರು ಉಂಡು ಮಲಗಿದೆವು. ನಮ್ಮ ಬೀದಿಗೆ ಆಗ ಎರಡು ದಿನಕ್ಕೊಮ್ಮೆ, ಬೆಳಗಿನ ಜಾವ ನಾಲ್ಕರಿಂದ ಐದರವರೆಗೆ ನಲ್ಲಿಯಲ್ಲಿ ನೀರು ಬರುತ್ತಿತ್ತು. ಹಬ್ಬ ಕಳೆದಾಗಿನಿಂದ ಒಂದು ದಿನವೂ ನಾವು ನೀರು ತಪ್ಪಿಸಿಕೊಂಡಿರಲಿಲ್ಲ, ಹೇಗೂ ಯಾರಾದರೊಬ್ಬರು ಎದ್ದೇ ಇರುತ್ತಿದ್ದೆವಲ್ಲ. ಅವತ್ತು ನನ್ನನ್ನು ಎಬ್ಬಿಸಿದ್ದು ಮುಖದ ಮೇಲೆ ಬಿದ್ದ ಬಿಸಿಲು. ಪಕ್ಕದಲ್ಲಿ ಅಮ್ಮ ಬಾಯಿ ತೆರೆದು ಮಲಗಿದ್ದಳು. ಆಚೆ ಗೋಡೆಯ ಕಡೆಗೆ ಅಣ್ಣ, ಚಾಪೆಯಿಂದ ಅರ್ಧ ಹೊರಗೆ. ಯಾರೂ ತಿರುಗಿಸದ ನಲ್ಲಿಯ ಕೆಳಗೆ ಬಿಂದಿಗೆ ಒಣಗಿ ಕೂತಿತ್ತು.

ಅಮ್ಮ ಎದ್ದು, ಡ್ರಮ್ಮಿನೊಳಗೆ ಇಣುಕಿ, ತಳದಲ್ಲಿ ಒಂದು ಚೊಂಬು ನೀರೂ ಇಲ್ಲದ್ದನ್ನು ನೋಡಿ ನಮ್ಮಿಬ್ಬರಿಗೂ ಬೈದಳು. ಮೂರು ಜನ ಇದ್ದೂ ಒಬ್ಬರಿಗೂ ಎಚ್ಚರ ಆಗಲಿಲ್ಲವೇ ಎಂದಳು. ಹಾಗೆ ಹೇಳಿದವಳು ಮೂವರ ಚಾಪೆಗಳ ಕಡೆ ತಿರುಗಿ ನೋಡಿದಳು. ಅಣ್ಣ ಎಡಗೈಯಲ್ಲಿ ಕೊಡಪಾನ ಎತ್ತಿಕೊಂಡು ಬೋರ್‌ವೆಲ್ಲಿನ ಕಡೆ ನಡೆದ. ನಾನು ಬಿಂದಿಗೆ ತೆಗೆದುಕೊಂಡು ಅವನ ಹಿಂದೆ ಹೋದೆ.